ಅಣಕಕ್ಕೂ ವಂಚನೆಗೂ ಒಂದೇ ಕತ್ತರಿಯೇ?

ಪ್ರಶ್ನೆ: ನಾನು ಎಐ ಬಳಸಿ ರಾಜಕೀಯ ವಿಡಂಬನೆಯ ಕಿರು ವಿಡಿಯೊಗಳನ್ನು ಮಾಡುತ್ತೇನೆ. ಕಳೆದ ತಿಂಗಳು ಮಾಡಿದ ಒಂದರಲ್ಲಿ ನಾಯಕರೊಬ್ಬರು ಕುರ್ಚಿಯಲ್ಲಿ ಕುಳಿತು ಭಾಷಣ ಮಾಡುತ್ತಾರೆ. ಒಂದೊಂದು ಭರವಸೆಗೂ ಕುರ್ಚಿ ಒಂದೊಂದು ಅಡಿ ಮೇಲೇರುತ್ತದೆ. ಕೊನೆಗೆ ತಲೆ ಮೋಡದೊಳಗೆ ಸೇರಿ ಮಾತು ಮಾತ್ರ ಕೇಳಿಸುತ್ತದೆ. ಹಾಕಿದ ಎರಡು ಗಂಟೆಯೊಳಗೆ ಜಾಲತಾಣ ಅದನ್ನು ತೆಗೆದುಹಾಕಿತು. ‘ಕೃತಕವಾಗಿ ಸೃಷ್ಟಿಸಿದ ವಿಷಯ’ ಎಂಬ ಒಂದು ಸಾಲು ಬಿಟ್ಟರೆ ಬೇರೆ ಕಾರಣ ಕೊಡಲಿಲ್ಲ. ಅದೇ ದಿನಗಳಲ್ಲಿ ಇಪ್ಪತ್ತೆರಡು ವರ್ಷದ ನನ್ನ ತಂಗಿಯ ಮಗಳ ಮುಖವನ್ನು ಅಶ್ಲೀಲ ವಿಡಿಯೊ ಒಂದಕ್ಕೆ ಅಂಟಿಸಿ ಯಾರೋ ಹರಿಬಿಟ್ಟರು. ಅದೇ ಜಾಲತಾಣದಿಂದ ಅದನ್ನು ತೆಗೆಸಲು ನಮಗೆ ಹನ್ನೊಂದು ದಿನ ಬೇಕಾಯಿತು. ಒಂದಕ್ಕೆ ಸ್ವಾತಂತ್ರ್ಯ ಬೇಕೆನ್ನುತ್ತೇನೆ, ಇನ್ನೊಂದಕ್ಕೆ ಕಠಿಣ ಕಾನೂನು ಬೇಕೆನ್ನುತ್ತೇನೆ. ನನ್ನದು ಎರಡು ನಾಲಿಗೆಯ ಮಾತೇ? ಗೆರೆ ಎಳೆಯಬೇಕಾದದ್ದು ಎಲ್ಲಿ?

ಉತ್ತರ: ಖಂಡಿತ ಎರಡು ನಾಲಿಗೆಯ ಮಾತಲ್ಲ. ವಿಡಿಯೊ ಯಾವ ಯಂತ್ರದಿಂದ ಹುಟ್ಟಿತು ಎಂದು ಕೇಳಿದರೆ ನಿಮ್ಮ ಎರಡು ಪ್ರಕರಣಗಳೂ ಒಂದೇ ಜಾತಿಗೆ ಸೇರುತ್ತವೆ. ಅದು ಯಾರಿಗೆ ಏನು ಮಾಡಿತು ಎಂದು ಕೇಳಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಕಾನೂನು ಕೇಳಬೇಕಾದದ್ದು ಎರಡನೆಯ ಪ್ರಶ್ನೆಯನ್ನು. ಜಾಲತಾಣಗಳೂ ಹಲವು ಸರ್ಕಾರಗಳೂ ಮೊದಲ ಪ್ರಶ್ನೆಯಲ್ಲೇ ನಿಂತುಬಿಟ್ಟಿವೆ. ನಿಮ್ಮ ಮನೆಯಲ್ಲಿ ಆದ ಅನ್ಯಾಯದ ಬೇರು ಇರುವುದು ಅಲ್ಲಿ ಎಂದು ನನ್ನ ನಂಬಿಕೆ.

ಯಂತ್ರ ಹೇಳಿದ್ದೆಲ್ಲ ಸುಳ್ಳು ಎಂಬ ಭಾವನೆಯನ್ನು ಮೊದಲು ಬಿಡಬೇಕು. 2023ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಮಾಜಿ ಪ್ರಧಾನಿ ಇಮ್ರಾನ್ ಖಾನ್ ಜೈಲಿನಲ್ಲಿದ್ದರು. ಆದರೂ ಅವರ ಪಕ್ಷದ ಆನ್‌ಲೈನ್ ಸಭೆಯಲ್ಲಿ ಅವರ ಧ್ವನಿ ಕೇಳಿಸಿತು. ವಕೀಲರ ಮೂಲಕ ಹೊರಬಂದ ಟಿಪ್ಪಣಿಗಳಿಂದ ಸಿದ್ಧಪಡಿಸಿದ ಭಾಷಣವನ್ನು ಎಐ ಅವರ ಧ್ವನಿಯಲ್ಲಿ ಓದಿತ್ತು. ಅದು ಎಐ ಧ್ವನಿ ಎಂಬುದನ್ನು ಪಕ್ಷ ಮುಚ್ಚಿಡಲಿಲ್ಲ. 2024ರ ಜುಲೈನಲ್ಲಿ ಅಮೆರಿಕದ ಸಂಸದೆ ಜೆನಿಫರ್ ವೆಕ್ಸ್‌ಟನ್, ನರರೋಗದಿಂದ ತಮ್ಮ ಮಾತು ತೀರಾ ಕುಂದಿದ್ದ ಸಮಯದಲ್ಲಿ, ಎಐ ಮರುಸೃಷ್ಟಿಸಿದ ತಮ್ಮದೇ ಹಳೆಯ ಧ್ವನಿಯಲ್ಲಿ ಪ್ರತಿನಿಧಿ ಸಭೆಯನ್ನು ಉದ್ದೇಶಿಸಿ ಮಾತನಾಡಿದರು. ಬಾಯಿ ಕಟ್ಟಿದವರಿಗೂ ಬಾಯಿ ಬಿದ್ದುಹೋದವರಿಗೂ ಇಲ್ಲಿ ಯಂತ್ರ ಬಾಯಿಯಾಯಿತು. ಕೃತಕ ಧ್ವನಿಯನ್ನೇ ನಿಷೇಧಿಸುವ ಕಾನೂನು ಬಂದಿದ್ದರೆ ಮೊದಲು ಮೌನವಾಗುತ್ತಿದ್ದವರು ಇವರೇ.

ಅದೇ ತಂತ್ರಜ್ಞಾನ 2024ರ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಮಾಡಿದ ಕೆಲಸ ಬೇರೆ. ಆಗಿನ ಅಧ್ಯಕ್ಷ ಬೈಡನ್ ಅವರ ಧ್ವನಿಯನ್ನು ನಕಲು ಮಾಡಿ, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಲು ಹೋಗಬೇಡಿ ಎಂದು ಮತದಾರರಿಗೆ ದೂರವಾಣಿ ಕರೆಗಳು ಬಂದವು. ಅಲ್ಲಿನ ಸಂವಹನ ಆಯೋಗ ಕೆಲವೇ ವಾರಗಳಲ್ಲಿ, ಸ್ವಯಂಚಾಲಿತ ಕರೆಗಳ ಕುರಿತ 1991ರ ಕಾನೂನು ಎಐ ಧ್ವನಿಗೂ ಅನ್ವಯಿಸುತ್ತದೆ ಎಂದು ಸ್ಪಷ್ಟಪಡಿಸಿತು. ಕರೆಗಳ ಹಿಂದಿದ್ದ ವ್ಯಕ್ತಿಗೆ ಅದೇ ವರ್ಷ 60 ಲಕ್ಷ ಡಾಲರ್ ದಂಡ ವಿಧಿಸಿತು. ನನ್ನ ಗಮನ ಸೆಳೆದದ್ದು ದಂಡದ ಮೊತ್ತಕ್ಕಿಂತ ಅದರ ಕಾರಣ. ದಂಡ ಬಿದ್ದದ್ದು ಎಐ ಬಳಸಿದ್ದಕ್ಕಲ್ಲ, ಕರೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಮರೆಮಾಚಿ ಬೇರೊಬ್ಬರ ಸಂಖ್ಯೆ ತೋರಿಸಿದ್ದಕ್ಕೆ. ಹಳೆಯ ಕಾನೂನು ಹೊಸ ಕಳ್ಳನನ್ನು ಹಿಡಿಯಿತು, ಏಕೆಂದರೆ ಅದು ಕಳ್ಳನ ಕೈಯಲ್ಲಿದ್ದ ಸಲಕರಣೆಯನ್ನು ನೋಡದೆ ಅವನು ಮಾಡಿದ ಕೆಲಸವನ್ನು ನೋಡಿತು.

ಹಾಗಾದರೆ ಸುಳ್ಳನ್ನೇ ಅಪರಾಧ ಮಾಡಿದರಾಗದೇ ಎಂದು ಅನೇಕರು ಕೇಳುತ್ತಾರೆ. ಭಾರತದ ಸಂವಿಧಾನದ 19(1)(ಎ) ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ 19(2)ನೇ ವಿಧಿ ಸಮಂಜಸ ನಿರ್ಬಂಧಗಳನ್ನು ಹೇಳುತ್ತದೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಪಟ್ಟಿ ಇಲ್ಲಿಗೆ ಮುಗಿಯುತ್ತದೆ, ‘ಸುಳ್ಳು’ ಎಂಬ ಪದ ಅದರಲ್ಲಿ ಇಲ್ಲ. ಸುಳ್ಳು ಯಾರದಾದರೂ ಮಾನ ಕಳೆದಾಗ, ಗಲಭೆಗೆ ಪ್ರಚೋದಿಸಿದಾಗ, ವಂಚಿಸಿದಾಗ ಅಪರಾಧವಾಗುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲಿ, ತನಗೆ ದೇಶದ ಅತ್ಯುನ್ನತ ಶೌರ್ಯ ಪದಕ ಬಂದಿದೆ ಎಂದು ಸುಳ್ಳು ಹೇಳಿಕೊಂಡಿದ್ದವನ ಪ್ರಕರಣದಲ್ಲಿ, ಸುಳ್ಳು ಎಂಬ ಒಂದೇ ಕಾರಣಕ್ಕೆ ಮಾತು ಸಂವಿಧಾನದ ರಕ್ಷಣೆ ಕಳೆದುಕೊಳ್ಳುವುದಿಲ್ಲ ಎಂದು ಹೇಳಿತು.

ಇದು ಸುಳ್ಳುಗಾರರ ಮೇಲಿನ ಮಮತೆಯಿಂದ ಹುಟ್ಟಿದ ತತ್ವವಲ್ಲ. ಸತ್ಯ ಯಾವುದೆಂದು ಅಧಿಕಾರದಲ್ಲಿರುವವರು ತೀರ್ಮಾನಿಸಿದರೆ ಏನಾಗುತ್ತದೆ ಎಂಬ ಅನುಭವದಿಂದ ಹುಟ್ಟಿದ್ದು. ಕೇಂದ್ರ ಸರ್ಕಾರದ ವ್ಯವಹಾರಗಳ ಬಗ್ಗೆ ಬಂದ ಯಾವ ಸುದ್ದಿ ಸುಳ್ಳು, ಯಾವುದು ದಾರಿ ತಪ್ಪಿಸುವಂಥದ್ದು ಎಂದು ಗುರುತಿಸಲು ಸರ್ಕಾರದ್ದೇ ಒಂದು ಸತ್ಯಶೋಧನಾ ಘಟಕ ಸ್ಥಾಪಿಸುವ ನಿಯಮ 2023ರಲ್ಲಿ ಬಂತು. ಮೊದಲು ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನ ತೀರ್ಪು ಬಂದು, ಮೂರನೆಯವರ ಅಭಿಪ್ರಾಯದ ನಂತರ ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ರದ್ದುಪಡಿಸಿತು. ಆರೋಪ ಹೊತ್ತವನೇ ನ್ಯಾಯಾಧೀಶನ ಪೀಠದಲ್ಲೂ ಕೂರಬಾರದು ಎಂಬುದು ನ್ಯಾಯದ ಮೊದಲ ಪಾಠ. ಎಐ ಬಂದಿತೆಂದು ಆ ಪಾಠ ಬದಲಾಗುವುದಿಲ್ಲ.

ಈಗ ನಿಮ್ಮ ಕುರ್ಚಿಯ ವಿಡಿಯೊಗೆ ಬರೋಣ. ವಿಡಂಬನೆಯನ್ನು ನ್ಯಾಯಾಲಯಗಳು ಅಳೆದದ್ದು ಬಹಳ ಸರಳವಾದ ಒಂದು ಕೋಲಿನಿಂದ. ಅಮೆರಿಕದ ಪತ್ರಿಕೆಯೊಂದು ಧರ್ಮಬೋಧಕ ಜೆರ್ರಿ ಫಾಲ್ವೆಲ್ ಅವರ ಬಗ್ಗೆ ಪ್ರಕಟಿಸಿದ್ದ ಅತ್ಯಂತ ಹೀನ ಅಭಿರುಚಿಯ ಅಣಕ ಜಾಹೀರಾತಿನ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1988ರಲ್ಲಿ ಸರ್ವಾನುಮತದಿಂದ ಪತ್ರಿಕೆಯ ಪರ ನಿಂತಿತು. ಯಾರೂ ಅದನ್ನು ನಿಜ ಸಂಗತಿ ಎಂದು ನಂಬಲಾರರು ಎಂಬುದೇ ತೀರ್ಪಿನ ತಿರುಳು. ನಂಬಲಾಗದಷ್ಟು ಉತ್ಪ್ರೇಕ್ಷೆ ಮಾಡುವುದು ಅಣಕದ ಸ್ವಭಾವ, ಅದರ ರಕ್ಷಾಕವಚವೂ ಹೌದು. ವ್ಯಂಗ್ಯಚಿತ್ರಕಾರ ಮೂಗನ್ನು ಮೊಣಕಾಲಿನ ತನಕ ಎಳೆದಾಗ ಮೂಗಿನ ಅಳತೆ ತಪ್ಪಾಗಿದೆ ಎಂದು ಯಾರೂ ದೂರು ಕೊಡುವುದಿಲ್ಲ.

ಎಐ ಇಲ್ಲಿ ಒಂದು ನಿಜವಾದ ತೊಡಕು ತಂದಿದೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ವ್ಯಂಗ್ಯಚಿತ್ರವನ್ನು ಎಲ್ಲಿ ಕತ್ತರಿಸಿದರೂ ಅದು ವ್ಯಂಗ್ಯಚಿತ್ರವಾಗಿಯೇ ಕಾಣುತ್ತದೆ. ವಿಡಿಯೊ ಹಾಗಲ್ಲ. ನೀವು ಪ್ರಶ್ನೆಯ ಜೊತೆ ಕಳುಹಿಸಿದ್ದ ವಿಡಿಯೊವನ್ನು ನಾಲ್ಕು ಬಾರಿ ನೋಡಿದೆ. ಮೊದಲ ಒಂಬತ್ತು ಸೆಕೆಂಡು ಕುರ್ಚಿ ಅಲುಗಾಡುವುದಿಲ್ಲ. ಆ ಒಂಬತ್ತು ಸೆಕೆಂಡುಗಳಲ್ಲಿ ನಾಯಕರು ತಮ್ಮದೇ ಧ್ವನಿಯಲ್ಲಿ, ತಮ್ಮದೇ ಕೈಸನ್ನೆಯೊಂದಿಗೆ, ತಾವು ಎಂದೂ ಕೊಡದ ಒಂದು ಭರವಸೆ ಕೊಡುತ್ತಾರೆ. ಅಷ್ಟನ್ನೇ ಕತ್ತರಿಸಿ ಯಾರಾದರೂ ಕಳುಹಿಸಿದರೆ ಅದು ವರದಿಯಂತೆ ಕಾಣುತ್ತದೆ. ಹಾಗೆ ಕತ್ತರಿಸಿದ ತಪ್ಪು ನಿಮ್ಮದಲ್ಲ, ಅದಕ್ಕಾಗಿ ನಿಮ್ಮ ಪೂರ್ತಿ ವಿಡಿಯೊವನ್ನು ತೆಗೆದದ್ದು ಸರಿಯೂ ಅಲ್ಲ. ಆದರೆ ಮೂಲೆಯಲ್ಲಿ ‘ಅಣಕ, ಎಐ ಸೃಷ್ಟಿ’ ಎಂಬ ಎರಡು ಮಾತು ಉದ್ದಕ್ಕೂ ಇದ್ದಿದ್ದರೆ ನಿಮ್ಮ ವ್ಯಂಗ್ಯದ ಮೊನೆ ಮೊಂಡಾಗುತ್ತಿರಲಿಲ್ಲ, ಕತ್ತರಿಸುವವನ ಕೆಲಸ ಕಷ್ಟವಾಗುತ್ತಿತ್ತು.

ಎಐ ಸೃಷ್ಟಿ ಎಂದು ಸೂಚಿಸುವ ಇಂಥ ಗುರುತುಪಟ್ಟಿಯ ವಿಚಾರವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಾನು ಗುರುತುಪಟ್ಟಿಯ ಪರ ಇದ್ದೇನೆ. ಆದರೆ ‘ನೀನು ಹೇಳುವುದರ ಜೊತೆ ಇದನ್ನೂ ಹೇಳು’ ಎಂದು ಒತ್ತಾಯಿಸುವುದೂ ಮಾತಿನ ಮೇಲಿನ ನಿರ್ಬಂಧವೇ. ಅದು ಎಷ್ಟು ದೊಡ್ಡದು ಎಂಬುದರ ಮೇಲೆ ನ್ಯಾಯ ನಿಂತಿದೆ. ಕ್ಯಾಲಿಫೋರ್ನಿಯಾ 2024ರಲ್ಲಿ ಚುನಾವಣಾ ಡೀಪ್‌ಫೇಕ್‌ಗಳ (ನಿಜವೆಂದೇ ತೋರುವ ಎಐ ನಕಲಿ ದೃಶ್ಯ, ಧ್ವನಿಗಳ) ವಿರುದ್ಧ ಒಂದು ಕಾನೂನು ಮಾಡಿತು. ವಿಡಂಬನೆಗೂ ಗುರುತುಪಟ್ಟಿ ಬೇಕು, ಅದರ ಅಕ್ಷರಗಳು ವಿಡಿಯೊದಲ್ಲಿರುವ ಅತಿ ದೊಡ್ಡ ಅಕ್ಷರಗಳಿಗೆ ಸಮವಾಗಿರಬೇಕು ಎಂದು ಅದರಲ್ಲಿತ್ತು. ಕಮಲಾ ಹ್ಯಾರಿಸ್ ಅವರನ್ನು ಅಣಕಿಸುವ ವಿಡಿಯೊ ಮಾಡಿದ್ದವರೊಬ್ಬರು ನ್ಯಾಯಾಲಯಕ್ಕೆ ಹೋದರು. ಅಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದರೆ ಪರದೆಯೇ ತುಂಬಿಹೋಗುತ್ತಿತ್ತು. ಫೆಡರಲ್ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ ಆ ಕಾನೂನಿನ ಬಹುಭಾಗಕ್ಕೆ ತಡೆ ನೀಡಿತು.

ಭಾರತದಲ್ಲೂ ಇಂಥದೇ ಪ್ರಸಂಗ ನಡೆಯಿತು. 2025ರ ಅಕ್ಟೋಬರ್‌ನ ಕರಡು ನಿಯಮದಲ್ಲಿ, ದೃಶ್ಯವಾದರೆ ಪರದೆಯ ಕನಿಷ್ಠ 10 ಪ್ರತಿಶತ ಜಾಗವನ್ನು, ಧ್ವನಿಯಾದರೆ ಆರಂಭದ 10 ಪ್ರತಿಶತ ಅವಧಿಯನ್ನು ಗುರುತುಪಟ್ಟಿಗೆ ಬಿಡಬೇಕು ಎಂದಿತ್ತು. ಮೂವತ್ತು ಸೆಕೆಂಡಿನ ಒಂದು ಧ್ವನಿ ತುಣುಕಿನಲ್ಲಿ ಮೊದಲ ಮೂರು ಸೆಕೆಂಡು ಎಚ್ಚರಿಕೆಗೇ ಹೋಗುತ್ತಿತ್ತು. ಆಕ್ಷೇಪಗಳ ನಂತರ 2026ರ ಫೆಬ್ರುವರಿಯಲ್ಲಿ ಬಂದ ಅಂತಿಮ ನಿಯಮ ಆ ಲೆಕ್ಕವನ್ನು ಕೈಬಿಟ್ಟು, ಎದ್ದು ಕಾಣುವಂತೆ ಗುರುತಿಸಬೇಕು ಎಂದಷ್ಟೇ ಹೇಳಿತು. ಬಣ್ಣ ತಿದ್ದುವುದು, ಗದ್ದಲ ತಗ್ಗಿಸುವುದು ಮುಂತಾದ ದಿನನಿತ್ಯದ ಸಂಪಾದನೆಯನ್ನು ಹೊರಗಿಟ್ಟಿತು. ಆ ಬದಲಾವಣೆ ಒಳ್ಳೆಯದೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಐರೋಪ್ಯ ಒಕ್ಕೂಟ 2024ರಲ್ಲಿ ಮಾಡಿದ ಎಐ ಕಾನೂನಿನ 50ನೇ ವಿಧಿ. ಯಂತ್ರಗಳು ಓದಬಲ್ಲ ಗುರುತನ್ನು ಹಾಕುವ ಹೊಣೆಯನ್ನು ಅದು ಎಐ ತಯಾರಿಸುವ ಕಂಪನಿಯ ಮೇಲೆ ಹೊರಿಸುತ್ತದೆ. ಡೀಪ್‌ಫೇಕ್ ಎಂದು ಜನರಿಗೆ ತಿಳಿಸುವ ಹೊಣೆ ಬಳಸುವವರದು. ಕಲೆ, ವಿಡಂಬನೆ, ಕಲ್ಪಿತ ಕೃತಿಗಳಲ್ಲಿ ಮಾತ್ರ ಆ ತಿಳಿವಳಿಕೆ ಕೃತಿಯ ಆಸ್ವಾದಕ್ಕೆ ಅಡ್ಡಿಯಾಗದಂತೆ ಇದ್ದರೆ ಸಾಕು. ಮನುಷ್ಯ ಸಂಪಾದಕರು ಪರಿಶೀಲಿಸಿ ಹೊಣೆ ಹೊತ್ತ ಬರಹಕ್ಕೆ ಗುರುತುಪಟ್ಟಿಯೇ ಬೇಕಿಲ್ಲ. ಹೊಣೆ ಹೊರುವ ಒಬ್ಬ ಮನುಷ್ಯ ಸಿಕ್ಕಿದರೆ ಯಂತ್ರದ ಪಾಲೆಷ್ಟು ಎಂಬುದು ಗೌಣ ಎನ್ನುವ ಈ ಮಾತು ನನಗೆ ವಿವೇಕದ ಮಾತಾಗಿ ಕಾಣುತ್ತದೆ.

ಆದರೂ ಗುರುತುಪಟ್ಟಿಯನ್ನೇ ಸರ್ವರೋಗಕ್ಕೆ ಮದ್ದು ಎಂದುಕೊಳ್ಳಬೇಡಿ. ಕಡತದೊಳಗೆ ಹುದುಗಿಸಿದ ಮಾಹಿತಿ ಪರದೆಯನ್ನು ಇನ್ನೊಂದು ಮೊಬೈಲ್‌ನಲ್ಲಿ ಚಿತ್ರೀಕರಿಸಿದೊಡನೆ ಕಳಚಿಹೋಗುತ್ತದೆ. ವಂಚಿಸಲೆಂದೇ ಹೊರಟವನು ಪಟ್ಟಿ ಹಚ್ಚುವುದೂ ಇಲ್ಲ. ಪಟ್ಟಿ ಇಲ್ಲದ್ದೆಲ್ಲ ನಿಜ ಎಂಬ ತಪ್ಪು ನಂಬಿಕೆಯೂ ಬೆಳೆಯಬಹುದು. ಇವೆಲ್ಲಕ್ಕಿಂತ ಮುಖ್ಯವಾದ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ತಂಗಿಯ ಮಗಳ ಆ ವಿಡಿಯೊ ಮೇಲೆ ‘ಇದು ಎಐ ಸೃಷ್ಟಿ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದ್ದರೆ ಆಕೆಯ ನೋವು ಕಡಿಮೆಯಾಗುತ್ತಿತ್ತೇ? ನೋಡಿದವರೆಲ್ಲರಿಗೂ ಅದು ನಕಲಿ ಎಂದು ಗೊತ್ತಿದ್ದರೂ ಆಕೆ ಮಾರನೆಯ ದಿನ ತಲೆ ಎತ್ತಿ ಹೊರಗೆ ಬರಲು ಆಗುತ್ತಿತ್ತೇ?

ಎರಡು ಹಾನಿಗಳು ಬೇರೆಯಾಗುವುದು ಇಲ್ಲಿ. ಬೈಡನ್ ಧ್ವನಿಯ ಕರೆಯಲ್ಲಿ ಹಾನಿ ಆದದ್ದು ಕೇಳಿದವರು ನಂಬಿದ್ದರಿಂದ. ಅಂಥ ಹಾನಿಗೆ ಮಾಹಿತಿ ಮದ್ದಾಗಬಲ್ಲದು. ನಿಮ್ಮ ಹುಡುಗಿಯ ವಿಷಯದಲ್ಲಿ ಯಾರು ನಂಬಿದರು, ಯಾರು ಬಿಟ್ಟರು ಎಂಬುದು ಮುಖ್ಯವೇ ಅಲ್ಲ. ಆಕೆಯ ಒಪ್ಪಿಗೆ ಇಲ್ಲದೆ ಆಕೆಯ ದೇಹವನ್ನು ಬಳಸಿಕೊಂಡದ್ದೇ ಹಾನಿ. ಅದಕ್ಕೆ ಇರುವ ಮದ್ದು ಒಂದೇ, ತೆಗೆದುಹಾಕುವುದು, ಮತ್ತೆ ಬಾರದಂತೆ ತಡೆಯುವುದು, ಮಾಡಿದವನನ್ನು ಶಿಕ್ಷಿಸುವುದು. ಇಂಥ ವಿಡಿಯೊವನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಿನಲ್ಲಿ ಸಮರ್ಥಿಸುವವರ ಜೊತೆ ನನಗೆ ಚರ್ಚೆಯೇ ಉಳಿದಿಲ್ಲ. ಆ ವಿಡಿಯೊ ಏನನ್ನೂ ಹೇಳುತ್ತಿಲ್ಲ, ಒಬ್ಬ ಹೆಣ್ಣುಮಗಳ ಮೇಲೆ ಏನನ್ನೋ ಮಾಡುತ್ತಿದೆ.

ಹಾಗಿದ್ದರೆ ಎರಡು ಗಂಟೆಯಲ್ಲಿ ಹೋಗಬೇಕಾದದ್ದಕ್ಕೆ ಹನ್ನೊಂದು ದಿನ ಏಕೆ, ಉಳಿಯಬೇಕಾದದ್ದು ಎರಡು ಗಂಟೆಯಲ್ಲಿ ಹೋದದ್ದು ಏಕೆ? ನಿಮ್ಮ ಪ್ರಕರಣದ ಒಳಗನ್ನು ನಾನು ಕಂಡಿಲ್ಲ, ಆದರೆ ವ್ಯವಸ್ಥೆಯ ಒಲವು ಯಾವ ಕಡೆಗೆ ಎಂಬುದು ಸ್ಪಷ್ಟ. ನಾಯಕರ ಮುಖ ಎಲ್ಲರಿಗೂ ಗೊತ್ತು, ತಂತ್ರಾಂಶಕ್ಕೂ ಗೊತ್ತು. ಅವರ ಪರವಾಗಿ ದೂರು ಕೊಡಲು ಜನ ಸಾಲುಗಟ್ಟಿ ನಿಂತಿರುತ್ತಾರೆ. ನಿಮ್ಮ ತಂಗಿಯ ಮಗಳ ಮುಖವನ್ನು ಗುರುತಿಸುವವರು ಆಕೆಯನ್ನು ಬಲ್ಲವರು ಮಾತ್ರ. ಇನ್ನು ಜಾಲತಾಣದ ಲೆಕ್ಕಾಚಾರ. ಬಳಕೆದಾರರು ಹಾಕಿದ್ದಕ್ಕೆ ತಾನು ಹೊಣೆಯಲ್ಲ ಎಂಬ ರಕ್ಷಣೆ ಕಾನೂನಿನಲ್ಲಿ ಅದಕ್ಕಿದೆ. ತೆಗೆಯಬೇಕಾದದ್ದನ್ನು ಉಳಿಸಿಕೊಂಡರೆ ಆ ರಕ್ಷಣೆ ಹೋಗುತ್ತದೆ. ಉಳಿಸಬೇಕಾದದ್ದನ್ನು ತೆಗೆದರೆ ಅದಕ್ಕೆ ಏನೂ ಆಗುವುದಿಲ್ಲ. ತಕ್ಕಡಿಯ ಒಂದೇ ತಟ್ಟೆಯಲ್ಲಿ ಭಯ ಇಟ್ಟರೆ ಅದು ಅತ್ತಲೇ ವಾಲುತ್ತದೆ.

ಭಾರತದ ಸುಪ್ರೀಂ ಕೋರ್ಟ್ ಇದನ್ನು 2015ರಲ್ಲೇ ಗುರುತಿಸಿತ್ತು. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಕಳುಹಿಸುವುದನ್ನು ಅಪರಾಧವಾಗಿಸಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ಅನ್ನು ರದ್ದುಪಡಿಸಿದ ಅದೇ ತೀರ್ಪು, ಜಾಲತಾಣಗಳು ಯಾರೋ ದೂರಿದರೆಂದು ತಾವೇ ನ್ಯಾಯ ತೀರ್ಮಾನ ಮಾಡಬೇಕಿಲ್ಲ, ನ್ಯಾಯಾಲಯದ ಅಥವಾ ಸರ್ಕಾರದ ಆದೇಶ ಬಂದಾಗ ತೆಗೆದರೆ ಸಾಕು ಎಂದು ಹೇಳಿತು. 2026ರ ನಿಯಮ ಅಂಥ ಆದೇಶಗಳನ್ನು ಪಾಲಿಸುವ ಗಡುವನ್ನು 36 ಗಂಟೆಯಿಂದ 3 ಗಂಟೆಗೆ ಇಳಿಸಿದೆ. ಇದು ನನಗೆ ತೀವ್ರ ಆತಂಕ ತರುತ್ತದೆ. ಒಪ್ಪಿಗೆ ಇಲ್ಲದ ನಗ್ನ ಚಿತ್ರವನ್ನು ಗುರುತಿಸಲು ಮೂರು ಗಂಟೆಯೂ ಬೇಡ, ಅಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಒಂದು ವ್ಯಂಗ್ಯ ಮಾನಹಾನಿಯೋ ಅಲ್ಲವೋ ಎಂದು ತೀರ್ಮಾನಿಸಲು ನ್ಯಾಯಾಲಯಗಳೇ ವರ್ಷಗಟ್ಟಲೆ ತೆಗೆದುಕೊಳ್ಳುತ್ತವೆ. ಗಡಿಯಾರ ನೋಡುತ್ತ ಕುಳಿತ ಒಬ್ಬ ಉದ್ಯೋಗಿಗೆ ಅದನ್ನು ಕೊಟ್ಟರೆ ಅವನು ಅಳಿಸುವ ಗುಂಡಿಯನ್ನೇ ಒತ್ತುತ್ತಾನೆ. ಅವನನ್ನು ದೂರಲಾಗದು. ಗಡುವು ಹಾನಿಯ ಬಗೆಗೆ ತಕ್ಕಂತೆ ಇರಬೇಕು. ದೇಹದ ಮೇಲಿನ ಅತಿಕ್ರಮಕ್ಕೆ ಗಂಟೆಗಳು, ಹಣಕಾಸಿನ ವಂಚನೆಗೆ ಗಂಟೆಗಳು, ರಾಜಕೀಯ ಮಾತಿಗೆ ವಿಚಾರಣೆ.

ಜೊತೆಗೆ ತೆಗೆದವರು ಕಾರಣ ಬರೆದುಕೊಡಬೇಕು, ಹಾಕಿದವನಿಗೆ ಉತ್ತರಿಸುವ ಅವಕಾಶ ಇರಬೇಕು. ಇದು ಹೊಸದೇನಲ್ಲ. ಅಮೆರಿಕದ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾನೂನಿನಲ್ಲಿ ತೆಗೆದದ್ದು ತಪ್ಪೆಂದು ಹಾಕಿದವನು ಪ್ರತಿ ನೋಟಿಸ್ ಕೊಡುವ ವ್ಯವಸ್ಥೆ ಇದೆ. ಒಂದು ಹಾಡಿನ ತುಣುಕಿಗೆ ಸಿಕ್ಕ ಈ ಹಕ್ಕು ಒಂದು ರಾಜಕೀಯ ಟೀಕೆಗೆ ಏಕೆ ಬೇಡ? ಒಪ್ಪಿಗೆ ಇಲ್ಲದ ಖಾಸಗಿ ಚಿತ್ರಗಳನ್ನು, ಡೀಪ್‌ಫೇಕ್ ಸೇರಿಸಿ, 48 ಗಂಟೆಯಲ್ಲಿ ತೆಗೆಯಬೇಕೆಂಬ ಅಮೆರಿಕದ 2025ರ ಕಾನೂನನ್ನು ನಾನು ಮನಸಾರೆ ಬೆಂಬಲಿಸುತ್ತೇನೆ, ಆದರೆ ಅದರಲ್ಲೂ ಈ ಪ್ರತಿ ನೋಟಿಸ್ ಇಲ್ಲ. ಸುಳ್ಳು ದೂರಿನಿಂದ ಬೇರೆ ಮಾತನ್ನು ಅಳಿಸಲು ಆ ಬಾಗಿಲನ್ನು ಬಳಸಬಹುದು.

ಅನುಮತಿ ಪಡೆದ ನಂತರವೇ ಎಐ ಉಪಕರಣ ಹೊರತರಬೇಕು ಎಂಬ ವಾದವನ್ನೂ ನೀವು ಕೇಳಿರಬಹುದು. ಪೂರ್ತಿ ಪರೀಕ್ಷೆಯಾಗದ ಎಐ ಮಾದರಿಗಳಿಗೆ ಸರ್ಕಾರದ ಅನುಮತಿ ಬೇಕೆಂದು 2024ರ ಮಾರ್ಚ್ 1ರಂದು ಭಾರತದಲ್ಲಿ ಒಂದು ಸಲಹಾ ಸೂಚನೆ ಬಂತು, ಎರಡೇ ವಾರದಲ್ಲಿ ಆ ಷರತ್ತನ್ನು ಹಿಂತೆಗೆದುಕೊಳ್ಳಲಾಯಿತು. ಮಾತಾಡುವ ಮುನ್ನ ಅಪ್ಪಣೆ ಬೇಕೆಂಬ ವ್ಯವಸ್ಥೆಗೆ ಯಾವ ಹೆಸರಿಟ್ಟರೂ ಅದು ಪೂರ್ವ ಸೆನ್ಸಾರ್ ಆಗಿಯೇ ಉಳಿಯುತ್ತದೆ.

ಚುನಾವಣೆಯ ಹೊತ್ತಿನ ವಿಶೇಷ ನಿಯಮಗಳನ್ನು ಮಾತ್ರ ಮಿತಿಯೊಳಗೆ ಒಪ್ಪುತ್ತೇನೆ. ಸುಳ್ಳನ್ನು ಸುಳ್ಳೆಂದು ತೋರಿಸಲು ಸಮಯವೇ ಇಲ್ಲದ ದಿನಗಳು ಅವು. 2023ರಲ್ಲಿ ಸ್ಲೊವಾಕಿಯದಲ್ಲಿ ಪಕ್ಷದ ನಾಯಕರೊಬ್ಬರು ಚುನಾವಣೆಯಲ್ಲಿ ಅಕ್ರಮ ನಡೆಸುವ ಮಾತಾಡಿದಂತೆ ಸೃಷ್ಟಿಸಿದ ಧ್ವನಿ, ಮತದಾನಕ್ಕೆ ಇನ್ನೇನು ಒಂದೆರಡು ದಿನ ಇದೆ ಎನ್ನುವಾಗ ಹರಡಿತು. ದಕ್ಷಿಣ ಕೊರಿಯ ಚುನಾವಣೆಗೆ ಮುಂಚಿನ 90 ದಿನ ಪ್ರಚಾರದಲ್ಲಿ ಡೀಪ್‌ಫೇಕ್ ನಿಷೇಧಿಸಿದೆ. ತೊಂಬತ್ತು ದಿನ ನನಗೆ ಅತಿಯಾಗಿ ಕಾಣುತ್ತದೆ. ಮತದಾನದ ದಿನಾಂಕ, ಸ್ಥಳ, ಅಭ್ಯರ್ಥಿ ಕಣದಿಂದ ಹಿಂದೆ ಸರಿದರೆಂಬ ಸುಳ್ಳು, ಅಭ್ಯರ್ಥಿಯ ಬಾಯಿಗೆ ನಂಬುವಂತೆ ತುರುಕಿದ ಮಾತು, ಇಷ್ಟಕ್ಕೆ ನಿಯಮ ನಿಲ್ಲಬೇಕು.

ಇನ್ನೊಂದು ಅಪಾಯವನ್ನು ಹೇಳದೆ ಬಿಡಲಾರೆ. ನಿಜವಾದ ಧ್ವನಿಮುದ್ರಿಕೆ ಹೊರಬಂದಾಗಲೂ ‘ಅದು ಎಐ’ ಎಂದು ಕೈತೊಳೆದುಕೊಳ್ಳುವ ದಾರಿ ಈಗ ಪ್ರಬಲರಿಗೆ ತೆರೆದಿದೆ. ಲಂಚ ಕೇಳಿದ್ದನ್ನು ಜೀವ ಕೈಯಲ್ಲಿ ಹಿಡಿದು ಮುದ್ರಿಸಿಕೊಂಡವನು ತನ್ನ ಸಾಕ್ಷ್ಯವನ್ನು ತಾನೇ ಸಾಬೀತುಪಡಿಸುತ್ತ ಅಲೆಯಬೇಕಾಗುತ್ತದೆ. ಚಿತ್ರ ಯಾವ ಕ್ಯಾಮೆರಾದಿಂದ ಬಂತು, ಏನೇನು ತಿದ್ದುಪಡಿ ಆಯಿತು ಎಂದು ದಾಖಲಿಸುವ ಮೂಲಪತ್ತೆ ತಂತ್ರಜ್ಞಾನ ಇಲ್ಲಿ ನೆರವಾಗುತ್ತದೆ. ಆದರೆ ಅದು ಚಿತ್ರದ ಜಾತಕವನ್ನಷ್ಟೇ ಹೇಳಬೇಕು, ತೆಗೆದವನ ಹೆಸರನ್ನಲ್ಲ. ಹೆಸರು ಹೇಳಲೇಬೇಕೆಂದರೆ ಅಂಥವನು ಮುದ್ರಿಸಿಕೊಳ್ಳುವುದನ್ನೇ ಬಿಡುತ್ತಾನೆ.

ಇನ್ನು ನೀವು ಮಾಡಬೇಕಾದದ್ದು. ನಿಮ್ಮ ತಂಗಿಯ ಮಗಳ ವಿಷಯದಲ್ಲಿ ಕಾನೂನಿನ ಕೊರತೆ ಇರಲಿಲ್ಲ. ನಗ್ನತೆ ಇರುವ, ತಿರುಚಿ ಸೃಷ್ಟಿಸಿದ ಚಿತ್ರಗಳನ್ನು ಸಂತ್ರಸ್ತರು ಅಥವಾ ಅವರ ಪರವಾಗಿ ಯಾರೇ ದೂರಿದರೂ 24 ಗಂಟೆಯಲ್ಲಿ ತೆಗೆಯಬೇಕೆಂದು 2021ರ ಐಟಿ ನಿಯಮಗಳೇ ಹೇಳಿದ್ದವು. 2026ರಲ್ಲಿ ಆ ಗಡುವು ಇನ್ನೂ ಕಿರಿದಾಗಿದೆ. ಹನ್ನೊಂದು ದಿನ ತೆಗೆದುಕೊಂಡದ್ದು ನಿಯಮದ ಉಲ್ಲಂಘನೆ. ಹೊಸ ಪ್ರತಿ ಎಲ್ಲಿ ಕಂಡರೂ ಕೊಂಡಿ, ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ದೂರಿನಲ್ಲಿ ‘ಇದು ನಕಲಿ’ ಎಂದು ಬರೆದು ನಿಲ್ಲಿಸಬೇಡಿ, ‘ಇದಕ್ಕೆ ನನ್ನ ಒಪ್ಪಿಗೆ ಇಲ್ಲ’ ಎಂದು ಮೊದಲ ಸಾಲಿನಲ್ಲೇ ಬರೆಯಿಸಿ. ನಕಲಿಯೋ ಅಸಲಿಯೋ ಎಂಬ ಪರೀಕ್ಷೆಗೆ ಕಾಯುವ ನೆಪ ಅವರಿಗೆ ಸಿಗಬಾರದು. ‘ಸ್ಟಾಪ್‌ಎನ್‌ಸಿಐಐ’ ಎಂಬ ಉಚಿತ ಸೇವೆ 2021ರಿಂದ ಇದೆ. ಹದಿನೆಂಟು ದಾಟಿದವರು ತಮ್ಮ ಮೊಬೈಲ್‌ನಲ್ಲೇ ಆ ಚಿತ್ರದ ಬೆರಳಚ್ಚಿನಂಥ ಒಂದು ಸಂಕೇತವನ್ನು ಮಾಡಿಸಿಕೊಳ್ಳಬಹುದು. ಚಿತ್ರ ಆಕೆಯ ಕೈಬಿಟ್ಟು ಹೋಗುವುದಿಲ್ಲ, ಸಂಕೇತ ಮಾತ್ರ ಹೋಗುತ್ತದೆ. ಸೇವೆಗೆ ಸೇರಿರುವ ಜಾಲತಾಣಗಳು ಅದಕ್ಕೆ ಹೊಂದುವ ಪ್ರತಿಗಳನ್ನು ತಡೆಯುತ್ತವೆ. ಸ್ವಲ್ಪ ಕತ್ತರಿಸಿದ ಪ್ರತಿಗೆ ಸಂಕೇತವೂ ಬೇರೆಯಾಗಬಹುದು, ಆದ್ದರಿಂದ ಸಿಕ್ಕ ಪ್ರತಿಯೊಂದಕ್ಕೂ ಹೀಗೆ ಮಾಡಿಸಿ. ಪೊಲೀಸ್ ದೂರನ್ನೂ ಬಿಡಬೇಡಿ, ಮಾಡಿದವನನ್ನು ಹುಡುಕುವ ಅಧಿಕಾರ ಇರುವುದು ಅವರಿಗೆ.

ನಿಮ್ಮ ವಿಡಿಯೊಗಾಗಿ ಮೊದಲು ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅದು ವಿಡಂಬನೆ ಎಂಬುದಕ್ಕೆ ಕುರ್ಚಿ ಮೋಡ ಸೇರುವ ದೃಶ್ಯವನ್ನೇ ಲಗತ್ತಿಸಿ. ಯಾವ ನಿಯಮದ ಯಾವ ಭಾಗ ಉಲ್ಲಂಘನೆಯಾಯಿತು ಎಂದು ಕೇಳಿ. ಉತ್ತರ ಬಂದ 30 ದಿನಗಳೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. ಅದು ಸರ್ಕಾರ ನೇಮಿಸಿದ ಸಮಿತಿ ಎಂಬುದು ರಾಜಕೀಯ ಅಣಕದ ವಿಷಯದಲ್ಲಿ ದೊಡ್ಡ ದೌರ್ಬಲ್ಯ, ಆದರೂ ಅಲ್ಲಿ ಹುಟ್ಟುವ ಕಾಗದಪತ್ರ ಮುಂದೆ ನ್ಯಾಯಾಲಯದಲ್ಲಿ ಬೇಕಾಗುತ್ತದೆ. ಮತ್ತೆ ಹಾಕುವಾಗ ಕುರ್ಚಿ ಮೊದಲ ಸೆಕೆಂಡಿನಿಂದಲೇ ಏಳಲಿ. ಇದನ್ನೆಲ್ಲ ಇಂದೇ ಮಾಡಬೇಕಾಗಿಲ್ಲ. ತಂಗಿಯ ಮಗಳ ದೂರುಗಳನ್ನು ಮೊದಲು ಮುಗಿಸಿ.